ಬಾಡಿಗೆ ಚಪ್ಪಾಳೆ

"ಏಳೋ ಬೋಳಿಮಗನೆ, ಮುಂದಿನ ಸಾಲು ನಿಮ್ಮಪ್ಪಂದಾ?"

ಮೇಸ್ತ್ರಿ ಹಮಾಲನ ಕಾಲರು ಹಿಡಿದು ಎಬ್ಬಿಸಿದ. "ಹಿಂದೆ ಹೋಗಿ ಕೂತ್ಕೋ. ನಾನು ಕರ್ಚೀಫು ಎತ್ತಿದ್ರೆ ಚಪ್ಪಾಳೆ ಹೊಡಿ, ಇಳಿಸಿದ್ರೆ ತೆಪ್ಪಗಿರು. ಅಷ್ಟೇ ನಿನ್ ಕೆಲ್ಸ."

ಬೈಸಿಕೊಂಡರೂ ಹಮಾಲನಿಗೆ ಒಳಗೊಳಗೇ ಖುಷಿ. ಜನ್ಮದಲ್ಲಿ ಮೊದಲ ಸಲ ಕೂತು ಮಾಡುವ ಕೂಲಿ ಸಿಕ್ಕಿತ್ತು. ಮೂಟೆ ಎತ್ತಿ ಎತ್ತಿ ಅಂಗೈ ಹಲಗೆಯಾಗಿತ್ತು. ಅವನು ತಟ್ಟಿದರೆ ಗೋಡೆಯೇ ಅದುರಬೇಕು.

"ನೋಡ್ತಿರು, ಇನ್ಮೇಲೆ ಮೇಸ್ತ್ರಿ ನನ್ನನ್ನೇ ಹುಡುಕ್ಕೊಂಡು ಬರ್ತಾನೆ," ಎಂದು ಪಕ್ಕದಲ್ಲಿದ್ದ ಹೆಂಡತಿಯ ಹತ್ತಿರ ಜಂಬ ಕೊಚ್ಚಿದ.

"ಮೊದ್ಲು ಅಂಗಿ ಗುಂಡಿ ಹಾಕ್ಕೋ," ಎಂದಳು ಅವಳು.

ನಗರದ ಹೊಸ ನಕ್ಷೆಗೆ ಜನರ ಒಪ್ಪಿಗೆ ಪಡೆಯುವ ಸಭೆ ಅದು. ಜನರೇ ಇಲ್ಲದೆ ಒಪ್ಪಿಗೆ ಎಲ್ಲಿಂದ ಬರಬೇಕು? ಅದಕ್ಕೇ ಮೇಸ್ತ್ರಿ ಲಾರಿಯಲ್ಲಿ ಜನ ತುಂಬಿಕೊಂಡು ಬಂದಿದ್ದ. ವೇದಿಕೆಯ ಪರದೆ ಮೇಲೆ ಬಣ್ಣಬಣ್ಣದ ಚೌಕಗಳಿದ್ದವು. ಹಳದಿ ಬಣ್ಣ ಮನೆಗಳಿಗೆ, ಕೆಂಪು ಬಣ್ಣ ಅಂಗಡಿಗಳಿಗೆ ಎಂದರು ನಕ್ಷೆ ತಂದಿದ್ದ ಸಾಹೇಬರು. ಕರ್ಚೀಫು ಎದ್ದಿತು, ಹಮಾಲ ತಟ್ಟಿದ.

"ದೊಡ್ಡ ಮೋರಿಯ ಪಕ್ಕದ ಈ ಜಾಗದಲ್ಲಿ ಈಗ ಗಲೀಜು ಬಿಟ್ಟರೆ ಏನೂ ಇಲ್ಲ. ಇನ್ನು ಇದು ಹಸಿರು ವಲಯ. ಇಲ್ಲಿ ಉದ್ಯಾನ ಬರುತ್ತೆ!"

ಹಮಾಲ ಎದ್ದು ನಿಂತು ತಟ್ಟಿದ. ಸಾಲದ್ದಕ್ಕೆ ಒಂದು ಶಿಳ್ಳೆಯನ್ನೂ ಹೊಡೆದ. ಸಾಹೇಬರು ಮುಗುಳ್ನಕ್ಕರು.

ಹೆಂಡತಿ ಅವನ ತೊಡೆ ಚಿವುಟಿದಳು. "ಥೂ ನಿನ್ ಮುಖಕ್ಕೆ! ಆ ಮೂಲೇಲಿ ನೀರಿನ ಟ್ಯಾಂಕು ಕಾಣ್ತಿಲ್ವಾ? ಅದರ ಹಿಂದೆ ಇರೋದು ಯಾರ ಮನೆ?"

ಹಮಾಲ ಕಣ್ಣು ಕಿರಿದು ಮಾಡಿ ನೋಡಿದ. ಹೊಟ್ಟೆಬಟ್ಟೆ ಕಟ್ಟಿ ಎಬ್ಬಿಸಿದ್ದ ಇಟ್ಟಿಗೆ ಗೋಡೆ, ಮಗಳು ಹಸುಗೂಸಿನ ಜೊತೆ ಮಲಗಿದ್ದ ಕೋಣೆ, ಎಲ್ಲದರ ಮೇಲೂ ಹಸಿರು ಬಳಿದಿದ್ದರು. ಅಯ್ಯೋ ದೇವರೇ! ಮನೆ ಹೋಗುವಾಗ ಲೋಕದವರೆಲ್ಲ ಎದೆ ಬಡಿದುಕೊಂಡು ಅಳುತ್ತಾರೆ. ಈ ಮಹಾನುಭಾವ ಶಿಳ್ಳೆ ಹೊಡೆದಿದ್ದ, ಅದೂ ಎದ್ದು ನಿಂತು.

"ಸಾಹೇಬ್ರೆ, ಅಲ್ಲಿ ನಮ್ಮನೆ ಐತೆ!" ಎಂದು ಕೂಗಿದ.

ಮೇಸ್ತ್ರಿ ಓಡಿಬಂದು ಅವನ ಹೆಗಲು ಅದುಮಿ ಕೂರಿಸಿದ. "ಕುಡಿದವ್ನೆ ಸಾರ್, ತಲೆ ಕೆಡಿಸ್ಕೋಬೇಡಿ," ಎಂದು ವೇದಿಕೆಗೆ ಹೇಳಿ, ಇವನ ಕಿವಿಯಲ್ಲಿ ಹಲ್ಲು ಕಡಿದ: "ಕೂಲಿಗೆ ಬಂದೋನು ಕಣೋ ನೀನು. ನಿನ್ನನ್ನ ಯಾರೋ ಜನ ಅಂದಿದ್ದು, ಹಲ್ಕಾ ನನ್ಮಗನೆ? ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ."

ಸಾಹೇಬರು ಮೈಕಿಗೆ ಬಗ್ಗಿದರು. "ಜನರಿಂದ ಯಾವುದೇ ಆಕ್ಷೇಪಣೆ..."

ಹಮಾಲ ತಟ್ಟಿದ. ಸಾಹೇಬರು ತಡೆದು, ನಕ್ಕು, ಮತ್ತೆ ಶುರುಮಾಡಿದರು.

"ಯಾವುದೇ ಆಕ್ಷೇಪಣೆ..."

ಹಮಾಲ ಇನ್ನೂ ಜೋರಾಗಿ ತಟ್ಟಿದ. ಮೇಸ್ತ್ರಿ ಕರ್ಚೀಫು ಇಳಿಸಿದ, ಬೀಸಿದ, ಕೊನೆಗೆ ನೆಲಕ್ಕೆಸೆದು ತುಳಿದ. "ನಿಲ್ಸೋ!"

"ತಟ್ಟೋಕೆ ತಾನೆ ಕರ್ಕೊಂಡು ಬಂದಿದ್ದು ಅಣ್ಣಾ? ಬಾಯೇನೂ ತೆಗ್ದಿಲ್ವಲ್ಲ!"

ಹೆಂಡತಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟತೊಡಗಿದಳು. ಲಾರಿಯಲ್ಲಿ ಬಂದವರಲ್ಲಿ ಅರ್ಧ ಮಂದಿ ಅದೇ ಮೋರಿ ಪಕ್ಕದವರು. ಒಬ್ಬೊಬ್ಬರಾಗಿ ಎದ್ದು ಅವರೂ ಸೇರಿಕೊಂಡರು. ವೇದಿಕೆ ಮೇಲೆ ಸಾಹೇಬರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. 'ಇಲ್ಲ' ಎನ್ನುವ ಒಂದು ಮಾತು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಬಾಗಿಲಲ್ಲಿ ಲಾಠಿ ಹಿಡಿದ ಪೊಲೀಸರು ಕಾಣಿಸಿಕೊಂಡರು.

ಹಮಾಲ ಅವರ ಕಡೆ ತಿರುಗಿ ಅವರಿಗೂ ಚಪ್ಪಾಳೆ ತಟ್ಟಿದ.