ಬಾಯಲ್ಲಿ ಮೊಳೆ

ಕೈ ತಾನಾಗಿಯೇ ಗೋಡೆಯ ಹಲಗೆಯತ್ತ ಹೋಯಿತು. ಸೋಫಾದ ತೋಳಿಗೆ ಬಟ್ಟೆ ಎಳೆದು ಮೊದಲ ಮೊಳೆ ಹೊಡೆಯುವ ಮುಂಚೆ ರೇಡಿಯೊ ಹಾಕುವುದು ಅವನ ರೂಢಿ. ಬೆರಳಿಗೆ ಏನೂ ಸಿಗಲಿಲ್ಲ. ಹಲಗೆಯ ತುಂಬ ನಾರಿನ ಧೂಳು. ನಡುವೆ ರೇಡಿಯೊ ಕೂತಿದ್ದಷ್ಟು ಅಗಲ ಮಾತ್ರ ಚೊಕ್ಕಟವಾಗಿತ್ತು.

"ಥೂ, ಮರ್ತೇ ಹೋಗಿತ್ತಲ್ಲ," ಎಂದು ತನ್ನನ್ನು ತಾನೇ ಬೈದುಕೊಂಡ. ಬೂದಿ ಬುಧವಾರ ಕಳೆದು, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗಿ ಇನ್ನೂ ವಾರವಾಗಿರಲಿಲ್ಲ.

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ ಕಟ್ಟುವ ಈ ಮನುಷ್ಯನನ್ನು ಬೀದಿಯವರು ಮೊಳೆಬಾಯಿ ಎನ್ನುತ್ತಿದ್ದರು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಬಾಯಲ್ಲದೆ ಬೇರೆ ಜಾಗ ಎಲ್ಲಿದೆ? ಒಂದಷ್ಟು ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಕಚ್ಚಿಸಿ ಟಪ್ಪೆಂದು ಹೊಡೆಯುತ್ತಿದ್ದ. ಅಪ್ಪ ಕಲಿಸಿದ ವರಸೆ ಅದು. ಗಿರಾಕಿಗಳು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ "ಹ್ಞೂಂ" ಎನ್ನುತ್ತಿದ್ದ. ಆ ಹ್ಞೂಂಗೆ ನಾಳೆ ಎಂದಾದರೂ ಅರ್ಥ ಮಾಡಿಕೊಳ್ಳಿ, ಮುಂದಿನ ತಿಂಗಳು ಎಂದಾದರೂ ಮಾಡಿಕೊಳ್ಳಿ, ನಿಮ್ಮಿಷ್ಟ.

ಪ್ರತಿ ವರ್ಷ ಈ ನಲವತ್ತು ದಿನದ ತಪಸ್ಸುಕಾಲಕ್ಕೆ ಅವನು ಸಿಹಿ ಬಿಡುತ್ತಿದ್ದ. ಅವನಿಗೆ ಸಿಹಿ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಇಷ್ಟು ವರ್ಷ ನೋಡಿಯೂ ನೋಡದಂತಿದ್ದ ಹೆಂಡತಿ ಈ ಸಲ ಹಿಡಿದೇ ಹಿಡಿದಳು.

"ನೀವು ಸಿಹಿ ಬಿಡೋದೂ ಒಂದೇ, ಬೆಕ್ಕು ಹುಲ್ಲು ಬಿಡೋದೂ ಒಂದೇ. ಫಾದರ್ ಏನಂದ್ರು? ಯಾವ್ದಿಲ್ದೆ ಇರಕ್ಕಾಗಲ್ವೋ ಅದನ್ನ ಬಿಡಿ ಅಂದ್ರು. ನಾನು ಕಾಫಿ ಬಿಟ್ಟಿಲ್ವಾ? ತಲೆ ಸಿಡೀತಿದೆ ಬೆಳಿಗ್ಗೆಯಿಂದ."

"ಹಾಗಾದ್ರೆ ನಿನ್ನೇ ಬಿಡ್ತೀನಿ."

"ನನ್ನ ಬಿಟ್ಟು ಆರಾಮಾಗಿ ಇರ್ತೀರಿ, ಗೊತ್ತಿಲ್ವಾ ನಂಗೆ! ಆ ರೇಡಿಯೊ ಬಿಟ್ಟು ಇರಿ, ನೋಡೋಣ."

ಮಾತಿಗೆ ಮಾತು ಬೆಳೆದು ಸಿಕ್ಕಿಬಿದ್ದ. ರೇಡಿಯೊ ಹಳೆಯ ದಿಂಬಿನ ಚೀಲದೊಳಗೆ ಹೋಗಿ ಬೀರುವಿನ ಮೇಲೆ ಕೂತಿತು. ಹೋಗಲಿ, ಮೌನದಲ್ಲಿ ಕೆಲಸ ಮಾಡುತ್ತಲೇ ಎರಡು ಜಪ ಹೇಳಿಕೊಳ್ಳಬಹುದು ಎಂದು ಸಮಾಧಾನ ಮಾಡಿಕೊಂಡ.

ಎಲ್ಲಿಯ ಮೌನ! ಕೆಲಸದ ಕೋಣೆಗೂ ಅಮ್ಮನ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ. ಆ ಪರದೆಯ ಆಚೆಯಿಂದ ಮಾತು ಹರಿದು ಬರುತ್ತಲೇ ಇತ್ತು. ಮೊಣಕಾಲು ನೋವು, ಎದುರು ಮನೆಯವರ ನಾಯಿ, ಎಂದೋ ಉಕ್ಕಿ ಚೆಲ್ಲಿದ ಹಾಲು, ತೀರಿಹೋದ ತಂಗಿಯ ಮದುವೆಯಲ್ಲಿ ಸಾಲದೆ ಬಂದ ಕುರ್ಚಿಗಳು. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊಣಕಾಲು. "ಕೇಳ್ತಿದ್ಯೇನೋ ಮಗಾ?" ಎಂದರೆ ಇವನು ಮೊಳೆಗಳ ಸಂದಿಯಿಂದ "ಹ್ಞೂಂ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಸಹಿಸಲಾಗಲಿಲ್ಲ. ಹೆಂಡತಿ ಶಾಲೆಯ ಅಡುಗೆ ಕೆಲಸಕ್ಕೆ ಹೋಗಿದ್ದಳು. ಸ್ಟೂಲು ಹತ್ತಿ ದಿಂಬಿನ ಚೀಲಕ್ಕೆ ಕೈ ಹಾಕಿಯೇಬಿಟ್ಟ. "ಯೇಸುಸ್ವಾಮಿ, ಮರುಭೂಮೀಲಿ ನೀನೂ ನಲವತ್ತು ದಿನ ಉಪವಾಸ ಇದ್ದೆ, ಒಪ್ಕೋತೀನಿ. ಆದ್ರೆ ಅಲ್ಲಿ ನಿನ್ ಕಿವೀಲಿ ಯಾರೂ ಮಾತಾಡ್ತಿರ್ಲಿಲ್ಲ," ಎಂದ. ಮರುಕ್ಷಣವೇ ಅಲ್ಲಿಗೂ ಸೈತಾನ ಬಂದು ಮಾತಾಡಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಕೆಳಗಿಳಿದ.

ಸಂಜೆ ಹೆಂಡತಿಯ ಮುಂದೆ ಗೋಗರೆದ. "ಸಿಹಿ ಬಿಡ್ತೀನಿ, ಬೇಕಾದ್ರೆ ಉಪ್ಪೂ ಬಿಡ್ತೀನಿ. ರೇಡಿಯೊ ಕೊಟ್ಬಿಡು ಮಾರಾಯ್ತಿ."

"ಯಾಕೆ, ಹಾಡಿಲ್ದೆ ಕೈ ಓಡ್ತಿಲ್ವಾ?"

"ಹಾಡಲ್ಲ ಕಣೆ. ಅಮ್ಮ ಒಂದ್ನಿಮಿಷ ಬಾಯಿ ಮುಚ್ಚಲ್ಲ. ಯಾವಾಗಿಂದ ಶುರುವಾಯ್ತು ಇದು?"

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಶುರುವಾಗೋದೇನ್ ಬಂತು? ಅತ್ತೆ ಯಾವಾಗ್ಲೂ ಮಾತಾಡ್ತಾರೆ. ನಿಮ್ಗೆ ಈಗ ಕೇಳಿಸ್ತಿದೆ, ಅಷ್ಟೆ."

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಮಾರನೆಯ ದಿನದಿಂದ ಬಾಯಿಗೆ ಇನ್ನೂ ನಾಲ್ಕು ಮೊಳೆ ಜಾಸ್ತಿ ಹಾಕಿಕೊಳ್ಳತೊಡಗಿದ. ಬಾಯಿ ತುಂಬಿದ್ದರೆ ಹ್ಞೂಂ ಎಂದರೆ ಸಾಕಲ್ಲ.

ಹಾಗೇ ಒಂದು ದಿನ ಸೋಫಾದ ಬೆನ್ನಿಗೆ ರೆಕ್ಸಿನ್ ಎಳೆಯುತ್ತಿದ್ದಾಗ ಪರದೆಯಾಚೆ ಮಾತು ಬಚ್ಚಲುಮನೆಗೆ ಬಂತು.

"ಅಲ್ಲಿ ನೆಲ ಜಾರತ್ತೆ ಕಣೋ, ನೀನೂ ನೋಡ್ಕೊಂಡು ಕಾಲಿಡು. ಹೋದ ವರ್ಷ ನಾ ಬಿದ್ದಾಗ ಎಷ್ಟು ಕೂಗಿದೆ ಅಂತೀಯ! ನೀ ಹಾಡು ಕೇಳ್ತಿದ್ದೆ. ಸರಿ, ಹಾಡು ಮುಗೀಲಿ, ಆಮೇಲೆ ಕೂಗೋಣ ಅಂತ ಅಲ್ಲೇ ಕೂತೆ. ಅದು ಮುಗಿಯೋದ್ರೊಳಗೆ ಇನ್ನೊಂದು ಬಂತು. ಆಮೇಲೆ ವಾರ್ತೆ."

ದೂರುವ ದನಿಯೇ ಅಲ್ಲ. ಹಾಲು ಉಕ್ಕಿದ್ದನ್ನು ಹೇಳಿದ ಹಾಗೆಯೇ ಇದನ್ನೂ ಹೇಳಿದಳು.

ಸುತ್ತಿಗೆ ಎತ್ತಿದಲ್ಲೇ ನಿಂತಿತು. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಮ್ಮ ಬಚ್ಚಲ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಏನಮ್ಮ ಇದು ಎಂದರೆ, ರವಿಕೆಯ ಗುಂಡಿ ಬಿತ್ತು, ಹುಡುಕುತ್ತಿದ್ದೇನೆ ಎಂದಿದ್ದಳು. ಒದ್ದೆ ನೆಲದಲ್ಲಿ ಯಾರಾದರೂ ಕೂರುತ್ತಾರಾ ಎಂದು ಗದರಿ, ತಾನೂ ಬಗ್ಗಿ ಬಕೆಟ್ಟಿನ ಹಿಂದೆಲ್ಲ ಗುಂಡಿ ಹುಡುಕಿದ್ದ! ಏನಾದರೂ ಹೇಳಬೇಕೆನಿಸಿತು, ಬಾಯ ತುಂಬ ಮೊಳೆ. ಅವನ್ನೆಲ್ಲ ಡಬ್ಬಿಗೆ ಉಗುಳುವಷ್ಟರಲ್ಲಿ ಅಮ್ಮ ಎದುರು ಮನೆಯ ನಾಯಿಗೆ ಹೊರಳಿದ್ದಳು.

ಅಂದೇ ಸಂಜೆ ಬಚ್ಚಲಿಗೆ ಒರಟು ಚಾಪೆ ಹಾಸಿ, ಗೋಡೆಗೊಂದು ಹಿಡಿಕೆ ಕೂರಿಸಿದ. ಏನಿದ್ದಕ್ಕಿದ್ದ ಹಾಗೆ ಎಂದು ಹೆಂಡತಿ ಕೇಳಿದ್ದಕ್ಕೆ "ಹ್ಞೂಂ" ಎಂದ. ಆಗ ಬಾಯಲ್ಲಿ ಒಂದು ಮೊಳೆಯೂ ಇರಲಿಲ್ಲ.

ಈಸ್ಟರ್ ಕಳೆದ ಮಾರನೆಯ ಬೆಳಿಗ್ಗೆ ಹೆಂಡತಿ ಎರಡನೆಯ ಲೋಟ ಕಾಫಿ ಕುಡಿಯುತ್ತಲೇ ರೇಡಿಯೊ ಇಳಿಸಿ, ಒರೆಸಿ, ಹಲಗೆಯ ಮೇಲಿಟ್ಟಳು. "ತಗೊಳ್ಳಿ, ಗೆದ್ರಿ. ನೀವು ತಡ್ಕೊಳ್ಳಲ್ಲ ಅಂದ್ಕೊಂಡಿದ್ದೆ," ಎಂದು ನಕ್ಕು ಕೆಲಸಕ್ಕೆ ಹೋದಳು.

ಅವನಿಗೆ ಖುಷಿಯಾಗಿತ್ತು, ಸುಳ್ಳು ಯಾಕೆ? ಒಂದು ಹಳೆಯ ಆರಾಮಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬಾಯಿಗೆ ಮೊಳೆ ಹಾಕಿಕೊಂಡ. ಪರದೆಯಾಚೆ ಅಮ್ಮ ಆಗಲೇ ಶುರುಮಾಡಿದ್ದಳು.

"ನಿಮ್ಮಪ್ಪ ಕಟ್ಟಿದ ಮೊದಲ್ನೇ ಕುರ್ಚಿ ಕಥೆ ನಿಂಗೆ ಹೇಳಿದ್ದೀನೇನೋ? ವಕೀಲ್ರ ಮನೇದು. ಮೊಳೆ ಎಲ್ಲಾ ಉಲ್ಟಾ ಹೊಡ್ದು, ಮೇಲೆ ಚಂದವಾಗಿ ಬಟ್ಟೆ ಮುಚ್ಚಿ ಕೊಟ್ಬಂದಿದ್ರು. ವಕೀಲ್ರು ಬಂದ್ರು, ಕೋಟು ಸರಿ ಮಾಡ್ಕೊಂಡ್ರು, ಕೂತ್ರು, ಕೂತಿದ್ದೇ ತಡ…"

ಅವನ ಕೈ ರೂಢಿಯಂತೆ ಮೇಲಕ್ಕೆ ಹೋಗಿ ರೇಡಿಯೊದ ಗುಂಡಿ ತಿರುಗಿಸಿತು. ಅವನಿಗೆ ಬಹಳ ಇಷ್ಟವಾದ ಹಾಡು. ಕಾಲು ತಾನಾಗಿಯೇ ತಾಳ ಹಾಕಿತು, ಸುತ್ತಿಗೆಗೆ ಜೀವ ಬಂದಂತಾಯಿತು. ಒಂದಷ್ಟು ಮೊಳೆ ಹೊಡೆದ ಮೇಲೆ ವಕೀಲರಿಗೆ ಏನಾಯಿತು ಎಂಬುದು ತಲೆಗೆ ಬಂದು ಕಿವಿಗೊಟ್ಟ. ಆಚೆ ಸದ್ದಿಲ್ಲ.

ಎದ್ದು ಹೋಗಿ ಪರದೆ ಸರಿಸಿದ. ಅಮ್ಮ ಮಂಚದ ತುದಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕೂತಿದ್ದಳು. ಬೇಸರವಿಲ್ಲ, ಕೋಪವಿಲ್ಲ. ಕಾಯುತ್ತಿದ್ದಳು, ಅಷ್ಟೆ.

ಅವನು ತಿರುಗಿ ಬಂದು ರೇಡಿಯೊ ಆರಿಸಿದ. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಹಾಡು ಮುಗೀತೇನೋ?" ಎಂದು ಆಚೆಯಿಂದ ಕೇಳಿದಳು.

"ಮುಗೀತಮ್ಮ," ಎಂದು ಸ್ಟೂಲನ್ನು ಪರದೆಯ ಬಳಿಗೆ ಎಳೆದುಕೊಂಡು ಕೂತ. "ವಕೀಲ್ರು ಕೂತ್ರು. ಆಮೇಲೆ?"

ಅಂಗೈಯಲ್ಲಿ ಮೊಳೆಗಳು ಇನ್ನೂ ಒದ್ದೆಯಾಗಿದ್ದವು.