ಬಾಯಿ ತುಂಬ ನೀರು

ನನ್ನ ತಂಗಿ ಗಣಿತದ ಟೀಚರು. ಅವಳ ಪ್ರಕಾರ ದೊಡ್ಡ ಮಗಳಿಗೆ ಬಂದಿರುವುದು ತನ್ನದೇ ತಲೆ, ಚಿಕ್ಕವಳಿಗೆ ಬಂದಿರುವುದು ಗಂಡನ ತಲೆ. ಗಂಡ ಪಾಪ, ಕೇಳಿ ಕೇಳಿ ಈಗ ತಾನೂ ಒಪ್ಪಿಕೊಂಡುಬಿಟ್ಟಿದ್ದಾನೆ.

"ನಾಳೆ ಶಾಲೆಗೆ ಹೋಗಿ ಚಿಕ್ಕವಳಿಗೆ ಗಣಿತ ಬಿಡಿಸಿ ಬೇರೆ ವಿಷಯ ಕೊಡಿಸಿಬಿಡ್ತೀನಿ ಅಕ್ಕ, ಅವಳ ಶಾಲೇಲಿ ಅದಕ್ಕೆ ಅವಕಾಶ ಇದೆ. ಎಷ್ಟು ಹೇಳಿದ್ರೂ ತಲೆಗೆ ಹತ್ತಲ್ಲ," ಎಂದಳು.

ಚಿಕ್ಕವಳು ಅಲ್ಲೇ ಕೂತು ಪೆನ್ಸಿಲ್ ಕಚ್ಚುತ್ತಿದ್ದಳು. ಸೇತುವೆ ಕಟ್ಟುವ ಎಂಜಿನಿಯರ್ ಆಗಬೇಕೆಂದು ಕನಸು ಕಾಣುವ ಮಗು. ಗಣಿತ ಬಿಟ್ಟರೆ ಆ ದಾರಿಯೇ ಮುಚ್ಚಿದಂತೆ. ನನ್ನ ಪಿತ್ತ ನೆತ್ತಿಗೇರಿತು.

ಯಾಕೆಂದರೆ ಆ ಸಂಜೆಯ ಪಾಠವನ್ನು ನಾನು ಸೋಫಾದಲ್ಲಿ ಕೂತು ನೋಡಿದ್ದೆ. ದೊಡ್ಡವಳು ತಡವರಿಸಿದಾಗ ತಂಗಿ ಬಟ್ಟೆ ಮಡಚುತ್ತಾ ಸುಮ್ಮನೆ ಕಾದಳು. ಚಿಕ್ಕವಳು ತಡವರಿಸಿದ್ದೇ ತಡ, "ಛೇದ ಸಮ ಮಾಡ್ಕೋ, ಇಲ್ಲಿ ಗುಣಿಸು, ಬರಿ" ಎಂದು ಬಾಯಿ ಹಾಕಿದಳು. ಒಬ್ಬಳಿಗೆ ಯೋಚಿಸಲು ಪುರುಸೊತ್ತು, ಇನ್ನೊಬ್ಬಳಿಗೆ ಬರೀ ಉಕ್ತಲೇಖನ. ಪ್ರೀತಿಯಿಂದಲೇ ಅನ್ನಿ. ಆ ಮಗು ಒದ್ದಾಡುವುದನ್ನು ತಂಗಿಗೆ ನೋಡಲಾಗುವುದಿಲ್ಲ.

"ಒಂದೇ ಒಂದು ಲೆಕ್ಕ ಕೊಡು," ಎಂದೆ. "ಆಮೇಲೆ ಏನು ಬೇಕಾದ್ರೂ ಮಾಡ್ಕೋ. ಆದ್ರೆ ಅವಳು ಲೆಕ್ಕ ಮುಗಿಸೋ ತನಕ ನೀನು ಬಾಯಿ ತುಂಬ ನೀರು ಇಟ್ಕೊಂಡು ಕೂರಬೇಕು."

"ಇದೇನು ಹುಚ್ಚಾಟ?"

"ನಾನು ಹಲ್ಲಿನ ಡಾಕ್ಟರು ಕಣೇ. ಬಾಯಿ ತೆರೆಸಿ ಮಾತು ನಿಲ್ಲಿಸೋದೇ ನನ್ನ ಕೆಲಸ."

6/7 ದೊಡ್ಡದೋ 7/8 ದೊಡ್ಡದೋ ಎಂದು ಬರೆದುಕೊಟ್ಟು ತಂಗಿ ಲೋಟದಿಂದ ಬಾಯಿಗೆ ನೀರು ತುಂಬಿಕೊಂಡಳು. ಚಿಕ್ಕವಳು ಅಭ್ಯಾಸಬಲದಿಂದ ಅಮ್ಮನ ಮುಖ ನೋಡಿದಳು. ಉಬ್ಬಿದ ಕೆನ್ನೆಗಳು ಏನನ್ನೂ ಹೇಳಲಿಲ್ಲ. "ಎರಡೂ ಒಂದೇ" ಎಂದು ಬರೆದಳು. ತಂಗಿ ಚಡಪಡಿಸಿದಳು, ನಾನು ಅವಳ ಕೈ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು. ಈ ಮಗುವಿಗೆ ಬರದೇ ಹೋದರೆ?

ಅವಳು ಬರೆದದ್ದನ್ನು ಅಳಿಸಿದಳು. "ಪೂರ್ತಿ ಆಗೋಕೆ ಎರಡಕ್ಕೂ ಒಂದೊಂದು ತುಂಡು ಕಮ್ಮಿ," ಎಂದು ತನ್ನಷ್ಟಕ್ಕೆ ಗೊಣಗಿದಳು. "ಆದ್ರೆ ಏಳು ಪಾಲು ಮಾಡಿದ್ರೆ ತುಂಡು ದೊಡ್ಡದು, ಎಂಟು ಮಾಡಿದ್ರೆ ಚಿಕ್ಕದು. ಚಿಕ್ಕ ತುಂಡು ಹೋದ್ರೆ ಜಾಸ್ತಿ ಉಳಿಯುತ್ತೆ... 7/8 ದೊಡ್ಡದು!"

ತಂಗಿ ನೀರನ್ನು ಗುಟುಕ್ಕನೆ ನುಂಗಿದಳು. ಕಣ್ಣು ತುಂಬಿಬಂದಿತ್ತು.

"ಈ ದಾರಿ ನಾನು ಹೇಳಿಕೊಟ್ಟೇ ಇಲ್ಲ," ಎಂದಳು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಇನ್ನೊಂದು ಕೊಡ್ಲಾ ಪುಟ್ಟಿ?"

"ಕೊಡಮ್ಮ," ಎಂದು ಚಿಕ್ಕವಳು ಲೋಟವನ್ನು ಅವಳ ಕಡೆ ಸರಿಸಿದಳು. "ಮೊದ್ಲು ನೀರು ತುಂಬ್ಕೋ."