ಕಡಲಿಗೆ ಒಯ್ದ ಚರಗ

ಅಗರಖೇಡದಿಂದ ರೈಲು ಹತ್ತಿ, ಹಡಗ ಹತ್ತಿ, ವಾಂತಿ ಮಾಡ್ಕೋತ ಮಗಳ ನಡುಗಡ್ಡಿಗೆ ನಾ ಹೋಗಿದ್ದು ಸಮುದ್ರಾ ನೋಡಾಕಲ್ರಿ. ಎಳ್ಳಮಾಸಿಗೆ ಆಕಿ ಹೊಲಕ್ಕ ಚರಗಾ ಚೆಲ್ಲಾಕ. ವರ್ಷಾ ನಮ್ಮ ಜ್ವಾಳದ ಹೊಲಕ್ಕ ಎಡಿ ಚೆಲ್ಲಿ ಉಣಿಸಿದಂಗ ಅದಕ್ಕೂ ಉಣಿಸಬೇಕಂತ ಸಜ್ಜಿ ಕಡಬು, ಶೇಂಗಾ ಹೋಳಿಗಿ ಕಟಗೊಂಡು ಹೋಗಿದ್ನಿ.

ನನ್ನ ಕಾವೇರಿ ನೀರಾಗ ಮುಳುಗಿ ಹವಳಾ ಬೆಳಸ್ತಾಳ. ಹವಳ ಅಂದ್ರ ಕಲ್ಲಲ್ಲ, ಜೀವ ಐತಂತ. ಮುರದ ಟೊಂಗಿ ಆರಿಸಿ ತಂದು, ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಜ್ವಾಕಿ ಮಾಡ್ತಾಳ. ಮೂರು ವರ್ಷ ಹಬ್ಬಕ್ಕ ಊರಿಗೆ ಬಂದಿಲ್ಲ ಪುಣ್ಯಾತ್ಗಿತ್ತಿ. ಹ್ವಾದ ಬ್ಯಾಸಗಿಗೆ ಸಮುದ್ರಾನ ಕಾದು, ಹವಳೆಲ್ಲಾ ಬೆಳ್ಳಗಾದುವಂತ. ಯಾವು ಚೇತರಿಸ್ಕೊಂಡಾವು, ಯಾವು ಸತ್ತಾವು ಅಂತ ಅಮಾಸಿ ದಿನಾನ ತಪಾಸಣಿ ಇತ್ತು. ಅರ್ಧಾ ಉಳದಿದ್ರ ಕೆಲಸ ಮುಂದುವರೀತೈತಿ, ಇಲ್ಲಾಂದ್ರ ಮ್ಯಾಲಿನವ್ರು ಚೌಕಟ್ಟು ಕಿತ್ತಿಸಿಬಿಡ್ತಾರ.

ದೋಣ್ಯಾಗ ಕುಂತಕೂಡ್ಲೆ ನನ್ನ ಬುತ್ತಿ ಮ್ಯಾಲ ಆಕಿ ಕಣ್ಣು ಬಿತ್ತು.

"ಅವ್ವಾ, ಒಂದು ಅಗಳೂ ನೀರಿಗೆ ಬೀಳಬಾರದು. ಅನ್ನ ಕೊಳೀತಂದ್ರ ಪಾಚಿ ಹೆಚ್ಚಾಗಿ ಹವಳಾ ಸಾಯ್ತಾವು."

"ಹಬ್ಬದ ದಿನ ಹೊಲಾ ಉಪಾಸ ಕೆಡವ್ತೀಯೇನ? ಸುಡ್ಲಿ ನಿನ್ನ ಸಾಲಿ!"

ದೋಣಿ ಹವಳದ ಹೊಲಾ ಮುಟ್ಟಿದ್ದ ತಡಾ, ಆಕಿ ಬೆನ್ನಿಗೆ ಗಾಳಿ ಸಿಲಿಂಡರ ಬಿಗದು ದುಡುಂ ಅಂತ ಜಿಗದಳು. ನಾ ಏನು ಸುಮ್ನ ಕುಂದ್ರಾಕಿ? ಸೆರಗಿನಾಗ ಒಂದು ಕಡಬು ಮುಚ್ಚಿಟ್ಟಿದ್ನಿ. ದೋಣಿ ನಡಸಾಂವ ಆಕಡೆ ಮಾರಿ ತಿರುವಿದ್ದು ನೋಡಿ, ಅದನ್ನ ಮುರದು ಮುಷ್ಟ್ಯಾಗ ಹಿಡದು ಕೈ ಎತ್ತಿದ್ನಿ.

ಅಷ್ಟರಾಗ ಆಕಿ ಮ್ಯಾಲೆದ್ದಳು.

ಬೈತಾಳ ಅನಕೊಂಡ್ನಿ. ಬೈಲಿಲ್ಲ. ಮುಖವಾಡ ತಗದು ದೋಣಿ ಅಂಚು ಹಿಡಕೊಂಡಳು.

"ಸತ್ತಾವು ಅವ್ವಾ. ಅರ್ಧಾನೂ ಉಳದಿಲ್ಲ. ಚೆಲ್ಲು, ಇನ್ನ ಚೆಲ್ಲಿದ್ರೇನು, ಬಿಟ್ರೇನು."

ನಾ ಹಟ ಹಿಡದದ್ದು ಈ ಮಾತು ಕೇಳಾಕೇನು?

"ಅರ್ಧಾ ಇಲ್ಲಾಂದ್ರ ಒಂದೂ ಇಲ್ಲೇನ?"

"ಆ ಕಡೀ ಮೂಲ್ಯಾಗ ಒಂದೀಟು ಅದಾವ. ಅವನ್ನ ಯಾರು ಕೇಳ್ತಾರ?"

"ನಾ ಕೇಳ್ತೇನಿ!"

ಮುಷ್ಟಿ ಬಿಚ್ಚಲಿಲ್ಲ. ಬೆಳಿ ಕೆಟ್ಟ ವರ್ಷಾನೂ ಉಳದು ನಿಂತ ದಂಟಿನ ಮುಂದ ಚರಗದ ಕೂಗು ಹಾಕಿದಾಕಿ ನಾನು. ಜೋಲಿ ಹೊಡಿಯೋ ದೋಣ್ಯಾಗ ಎದ್ದು ನಿಂತು, ಒಂದು ಕಾಳೂ ಚೆಲ್ಲದ ಒದರಿದ್ನಿ.

"ಹುಲ್ಲುಲ್ಲಿಗೋ!"

ಚರಗದಾಗ ಒಬ್ರು ಹಿಂಗ ಕೂಗಿದ್ರ ಇನ್ನೊಬ್ರು ಓಗೊಡಬೇಕು. ನಾ ಮತ್ತ ಒದರಿದ್ನಿ. ನೀರಾಗ ಇದ್ದಾಕಿ ಅಳಕೋತ ಅಂದಳು, "ಚಲ್ಲಂಬ್ರಿಗೋ."

ಬಗ್ಗಿ, ಮುಷ್ಟ್ಯಾಗಿನ ಕಡಬು ಆಕಿ ಬಾಯಾಗ ಇಟ್ನಿ. ಉಪ್ಪುಪ್ಪು ಮಾರಿ ನನ್ನ ಕೂಸಿಂದು. ನುಂಗಿ, ಬಾಯಿ ಒರಸ್ಕೊಂಡು, ಮುಖವಾಡ ಏರಿಸ್ಕೊಂಡಳು.

"ಆ ಮೂಲಿ ಇನ್ನೊಮ್ಮೆ ನೋಡಿ ಬರ್ತೇನಿ ಅವ್ವಾ."